ಸೋತವರಿಗೆ ಮೊದಲ ಸರದಿ

ಮೆಲ್ಬರ್ನಿನ ಕ್ರಿಕೆಟ್ ಮೈದಾನವೆಂದೊಡನೆ ನಮ್ಮ ವಯಸ್ಸಿನ ಕನ್ನಡಿಗರಿಗೆ ಚಂದ್ರಶೇಖರರ ನೆನಪು ಬಾರದಿರದು. ೧೯೭೭ರ ಡಿಸೆಂಬರ್ ಕೊನೆಯಲ್ಲಿ ಆರಂಭವಾದ ಟೆಸ್ಟ್ ಪಂದ್ಯದಲ್ಲಿ ಅವರು ಮೊದಲನೆಯ ಇನ್ನಿಂಗ್ಸಿನಲ್ಲಿ ೫೨ ಓಟಗಳಿಗೆ ೬, ಎರಡನೆಯದರಲ್ಲಿಯೂ ೫೨ ಓಟಗಳಿಗೆ ೬ ವಿಕೆಟ್ ಪಡೆದು, ಆಸ್ಟ್ರೇಲಿಯದ ನೆಲದಲ್ಲಿ ಭಾರತಕ್ಕೆ ಮೊತ್ತಮೊದಲ ಟೆಸ್ಟ್ ಗೆಲುವನ್ನು ತಂದುಕೊಟ್ಟರು. ೧೯೮೧ರಲ್ಲಿ ವಿಶ್ವನಾಥರು ೧೧೪ ಹೊಡೆದದ್ದೂ ಅಲ್ಲಿಯೇ. ಆದ್ದರಿಂದ ೨೦೨೨ರ ಅಕ್ಟೋಬರಿನಲ್ಲಿ ಮಗಳ ಮನೆಗೆಂದು ಮೆಲ್ಬರ್ನಿಗೆ ಹೋದಾಗ ನಾವು ಎಲ್ಲಕ್ಕಿಂತ ಮೊದಲು ನೋಡಬೇಕೆಂದುಕೊಂಡದ್ದು ಆ ಮೈದಾನವನ್ನು. ಹನ್ನೆರಡು ವರ್ಷದ ಮೊಮ್ಮಗನೇ ಕರೆದೊಯ್ದ. ಚಂದ್ರಶೇಖರರು ಯಾವ ತುದಿಯಿಂದ ಚೆಂಡೆಸೆದಿರಬಹುದೆಂದು ನಾವು ಊಹಿಸುತ್ತ ನಿಂತಿದ್ದರೆ ಅವನು, "ಅಜ್ಜಾ, ಇದು ಫುಟಿ ಮೈದಾನ. ಬೇಸಿಗೆಯಲ್ಲಿ ಮಾತ್ರ ಕ್ರಿಕೆಟಿಗೆ ಬಿಟ್ಟುಕೊಡುತ್ತೇವೆ" ಎಂದ!

ಈ 'ಫುಟಿ' ಎಂಬುದು ಆಸ್ಟ್ರೇಲಿಯದವರ ಸ್ವಂತ ಕಾಲ್ಚೆಂಡಾಟ. ಮೊಟ್ಟೆಯಾಕಾರದ ಚೆಂಡು, ಪಕ್ಷಕ್ಕೆ ೧೮ ಆಟಗಾರರು, ಮೈದಾನದ ಎರಡು ತುದಿಗಳಲ್ಲೂ ನಾಲ್ಕು ನಾಲ್ಕು ಕಂಬ. ನಡುವಿನೆರಡು ಕಂಬಗಳ ಮಧ್ಯೆ ಒದ್ದರೆ ೬ ಅಂಕ, ಪಕ್ಕಕ್ಕೆ ಸರಿದರೆ ೧. ನಿಯಮಗಳನ್ನು ಮೊದಲು ಬರೆದಿಟ್ಟದ್ದು ೧೮೫೯ರಲ್ಲಿ, ಮೆಲ್ಬರ್ನಿನಲ್ಲಿಯೇ. ಆಟದ ವಿವರಣೆಯನ್ನು ಇಷ್ಟಕ್ಕೇ ನಿಲ್ಲಿಸುತ್ತೇವೆ, ಏಕೆಂದರೆ ನಮ್ಮ ಮನಸ್ಸನ್ನು ಸೆಳೆದದ್ದು ಆಟವಲ್ಲ. ಮೊಮ್ಮಗನ ಬಳಿಯಿದ್ದ ಒಂದು ನೋಟ್ ಪುಸ್ತಕ.

ಮೂವತ್ತೈದು ವರ್ಷ ಮುಂಬಯಿಯ ಕೋಟೆ ಪ್ರದೇಶದ ಬ್ಯಾಂಕೊಂದರ ಕ್ಲಿಯರಿಂಗ್ ವಿಭಾಗದಲ್ಲಿ ಕೂತೆದ್ದ ನಮಗೆ ಲೆಡ್ಜರಿನ ಪುಟವನ್ನು ದೂರದಿಂದಲೇ ಗುರುತಿಸುವ ಅಭ್ಯಾಸವುಂಟು. ಆ ಪುಸ್ತಕದಲ್ಲಿ ಎಡಗಡೆ ೧, ೨, ೩ ಎಂದು ಅಂಕಿಗಳು. ಎದುರಿಗೆ ತಂಡದ ಹೆಸರು. ಅದನ್ನು ಹೊಡೆದುಹಾಕಿ ಇನ್ನೊಂದು ಹೆಸರು. ಅದನ್ನೂ ಅಳಿಸಿ ಮತ್ತೊಂದು. ರಬ್ಬರು ಉಜ್ಜಿ ಉಜ್ಜಿ ಕೆಲವು ಕಡೆ ಕಾಗದವೇ ತೂತಾಗಿತ್ತು. "ಇದೇನಪ್ಪಾ, ಯಾರಿಗೆ ಯಾರು ಸಾಲ ಕೊಡಬೇಕು?" ಎಂದು ಕೇಳಿದೆವು. ನಾವು ತಮಾಷೆಗೆ ಕೇಳಿದ್ದು. ಆದರೆ ವಿಷಯ ಹೆಚ್ಚುಕಡಿಮೆ ಅದೇ ಆಗಿತ್ತು.

ಅಲ್ಲಿಯ ಪದ್ಧತಿ ಹೀಗೆ: ಪ್ರತಿವರ್ಷ ಹದಿನೆಂಟು ತುಂಬಿದ, ಅಥವಾ ವರ್ಷಾಂತ್ಯದೊಳಗೆ ತುಂಬುವ ಹುಡುಗರು ತಮ್ಮ ಹೆಸರನ್ನು ನೋಂದಾಯಿಸುತ್ತಾರೆ. ನವೆಂಬರಿನಲ್ಲಿ ತಂಡಗಳು ಒಂದಾದ ಮೇಲೊಂದರಂತೆ ತಮಗೆ ಬೇಕಾದವನನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ನಮ್ಮ ಐಪಿಎಲ್ ಹರಾಜಿನಂತೆ ಹಣವಿದ್ದವನು ಕೂಗಿ ಒಯ್ಯುವಂತಿಲ್ಲ; ಎಲ್ಲವೂ ಸರದಿಯ ಮೇಲೆ. ಆ ಸರದಿಯಾದರೋ ತಲೆಕೆಳಗು! ಋತುವಿನಲ್ಲಿ ಕಟ್ಟಕಡೆಯ ಸ್ಥಾನ ಪಡೆದವರಿಗೆ ಮೊದಲ ಆಯ್ಕೆ, ಪ್ರಶಸ್ತಿ ಗೆದ್ದವರಿಗೆ ಆ ಸುತ್ತಿನ ಕೊನೆಯ ಆಯ್ಕೆ. ನಮ್ಮ ಮಠದ ಪಂಕ್ತಿಯಲ್ಲಿ ಕೊನೆಯೆಲೆಗೆ ಮೊದಲು ಪಾಯಸ ಬಡಿಸಿದ ಹಾಗೆ.

ಮೊದಲಿನಿಂದಲೂ ಹೀಗಿರಲಿಲ್ಲ. ೧೮೯೭ರಲ್ಲಿ ಎಂಟು ತಂಡಗಳಿಂದ ಮೊದಲಾದ ವಿಕ್ಟೋರಿಯ ಲೀಗಿನಲ್ಲಿ ಆಯಾ ಪೇಟೆಯ ಹುಡುಗ ಆಯಾ ಪೇಟೆಯ ತಂಡಕ್ಕೆ ಆಡುವುದು ವಾಡಿಕೆ. ೧೯೬೮ರಲ್ಲಿ ಹಳ್ಳಿಗಾಡನ್ನೂ ತಂಡಗಳಿಗೆ ಹಂಚಿಕೊಟ್ಟರು. ಫಲವತ್ತಾದ ಹೋಬಳಿ ಸಿಕ್ಕಿದವರು ಉಂಡರು, ಬರಡು ಸಿಕ್ಕಿದವರು ಉಪವಾಸ. ಹಣವಿದ್ದ ತಂಡಗಳು ದೂರದ ಪರ್ತ್, ಅಡಿಲೇಡುಗಳಿಂದ ಆಟಗಾರರನ್ನು ಕೊಂಡು ತರುತ್ತಿದ್ದುವು. ೧೯೮೭ರಲ್ಲಿ ವೆಸ್ಟ್ ಕೋಸ್ಟ್ ಮತ್ತು ಬ್ರಿಸ್ಬೇನ್ ತಂಡಗಳು ಸೇರಿ ಲೀಗು ದೇಶವ್ಯಾಪಿಯಾಗತೊಡಗಿದಾಗ ಈ ಪಾಳೆಯಗಾರಿಕೆ ನಡೆಯುವಂತಿರಲಿಲ್ಲ. ಅದರ ಹಿಂದಿನ ವರ್ಷ, ೧೯೮೬ರಲ್ಲಿ, ಮೊದಲ ರಾಷ್ಟ್ರೀಯ ಡ್ರಾಫ್ಟ್ ನಡೆಯಿತು. ೧೯೯೦ರಲ್ಲಿ ಲೀಗಿನ ಹೆಸರೂ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂದು ಬದಲಾಯಿತು.

ಇನ್ನು ಲೆಡ್ಜರಿನ ಮಾತು. ಸರದಿಯನ್ನು ಪಡೆದ ತಂಡ ಅದನ್ನು ತಾನೇ ಬಳಸಬೇಕೆಂಬ ಕಟ್ಟಿಲ್ಲ. ಅಕ್ಟೋಬರಿನಲ್ಲಿ ವಿನಿಮಯದ ಕಾಲವೆಂದು ಕೆಲವು ದಿನಗಳುಂಟು. ಆಗ ಸರದಿಯನ್ನು ಕೊಟ್ಟು ಆಟಗಾರನನ್ನು ಪಡೆಯಬಹುದು, ಆಟಗಾರನನ್ನು ಕೊಟ್ಟು ಸರದಿಯನ್ನು ಪಡೆಯಬಹುದು, ಒಂದು ದೊಡ್ಡ ಸರದಿಯನ್ನು ಎರಡು ಚಿಕ್ಕವಕ್ಕೆ ಮುರಿಸಬಹುದು. ಇದು ಶುದ್ಧ ಹುಂಡಿಯ ವ್ಯಾಪಾರ! ೨೦೧೫ರಿಂದ ಮುಂದಿನ ವರ್ಷದ ಸರದಿಯನ್ನೂ ಇಂದೇ ಮಾರಬಹುದೆಂದಾಯಿತು. ಮುಂದಿನ ವರ್ಷ ತಂಡ ಎಷ್ಟನೆಯ ಸ್ಥಾನಕ್ಕೆ ಬರುವುದೋ ಯಾರು ಬಲ್ಲರು? ಪೈರು ತೆನೆಗಟ್ಟುವ ಮೊದಲೇ ಫಸಲನ್ನು ಮಾರಿದಂತೆ. ಮಾರಿದವನ ಹೊಲ ಒಣಗಿದಷ್ಟೂ ಕೊಂಡವನಿಗೆ ಲಾಭ ಎಂಬುದೊಂದು ಇಲ್ಲಿಯ ವಿಚಿತ್ರ.

ಈ ಕಡೆಯ ಮಾತಿಗೆ ಕಾಲಿಂಗ್‌ವುಡ್ ತಂಡದ ಕಥೆಯೇ ಸಾಕು. ೨೦೨೦ರಲ್ಲಿ ಅವರು ತಮ್ಮ ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯನ್ನು ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಕೊಟ್ಟುಬಿಟ್ಟರು. ೨೦೨೧ರಲ್ಲಿ ತಂಡ ಕುಸಿದು ೧೭ನೆಯ ಸ್ಥಾನಕ್ಕೆ ಇಳಿಯಿತು. ಕೊಟ್ಟ ಸರದಿ ಎರಡನೆಯ ಸಂಖ್ಯೆಯಾಗಿ ಸಿಡ್ನಿಯವರ ಕೈಯಲ್ಲಿ ಹೊಳೆಯಿತು. ಆದರೆ ಅವರ ಪುಣ್ಯಕ್ಕೆ ಇನ್ನೊಂದು ನಿಯಮವಿತ್ತು. ಒಂದು ತಂಡಕ್ಕೆ ನೂರು ಪಂದ್ಯವಾದರೂ ಆಡಿದವನ ಮಗನ ಮೇಲೆ ಆ ತಂಡಕ್ಕೆ ಹಕ್ಕುಂಟು. ಹಳೆಯ ಆಟಗಾರ ಪೀಟರ್ ಡೇಕೋಸರ ಮಗ ನಿಕ್ ಡೇಕೋಸನನ್ನು ನಾಲ್ಕನೆಯ ಸರದಿಯಲ್ಲಿ ಗೋಲ್ಡ್ ಕೋಸ್ಟಿನವರು ಕೇಳಿದಾಗ, ಕಾಲಿಂಗ್‌ವುಡ್ ಆ ಬೆಲೆಯನ್ನು ತೆತ್ತು ಅವನನ್ನು ಉಳಿಸಿಕೊಂಡಿತು. ಎರಡು ವರ್ಷ ಕಳೆದು, ೨೦೨೩ರಲ್ಲಿ, ಪ್ರಶಸ್ತಿ ಗೆದ್ದ ತಂಡದಲ್ಲಿ ಅವನಿದ್ದ.

ಬೆಲೆಯೆಂದರೆ ಏನು? ಇಲ್ಲಿ ನಮ್ಮ ಬ್ಯಾಂಕಿನ ಬುದ್ಧಿ ಚುರುಕಾಯಿತು. ೨೦೧೫ರಲ್ಲಿ ಪ್ರತಿಯೊಂದು ಸರದಿಗೂ ಅಂಕದ ಬೆಲೆ ಕಟ್ಟಿದರು. ಮೊದಲನೆಯದಕ್ಕೆ ೩೦೦೦, ಎರಡನೆಯದಕ್ಕೆ ೨೫೧೭, ಮೂರನೆಯದಕ್ಕೆ ೨೨೩೪, ಹತ್ತನೆಯದಕ್ಕೆ ೧೩೯೫, ಹದಿನೆಂಟನೆಯದಕ್ಕೆ ೯೮೫, ಹೀಗೆ ಇಳಿಯುತ್ತದೆ. ತಂದೆಯ ತಂಡವು ಮಗನಿಗಾಗಿ, ಮೊದಲ ಸುತ್ತಿನಲ್ಲಾದರೆ ನೂರಕ್ಕೆ ಇಪ್ಪತ್ತು ರಿಯಾಯಿತಿ ಕಳೆದು, ಉಳಿದ ಅಂಕಗಳಿಗೆ ಸಾಟಿಯಾಗುವಷ್ಟು ಹಿಂದಿನ ಸರದಿಗಳನ್ನು ಒಪ್ಪಿಸಬೇಕು. ಚಿಲ್ಲರೆ ಕಾಸು ಎಣಿಸಿ ದೊಡ್ಡ ನೋಟಿನ ಸಾಮಾನು ಕೊಂಡ ಹಾಗೆ. ಇದು ಬಲು ಅಗ್ಗವಾಯಿತೆಂದು ಉಳಿದವರು ದೂರಿದರು; ೨೦೨೫ರಲ್ಲಿ ರಿಯಾಯಿತಿಯನ್ನು ನೂರಕ್ಕೆ ಹತ್ತಕ್ಕೆ ಇಳಿಸಿ, ಬೆಲೆಪಟ್ಟಿಯನ್ನೂ ತಿದ್ದಿದರು.

ಮೊಮ್ಮಗನ ಮೆಚ್ಚಿನ ತಂಡ ನಾರ್ತ್ ಮೆಲ್ಬರ್ನ್. ಪಾಪ, ೨೦೨೧ರಲ್ಲಿಯೂ ಕಡೆಯ ಸ್ಥಾನ, ೨೦೨೨ರಲ್ಲಿಯೂ ಕಡೆಯ ಸ್ಥಾನ. ಆ ವರ್ಷ ಆಡಿದ ೨೨ ಪಂದ್ಯಗಳಲ್ಲಿ ಗೆದ್ದದ್ದು ಎರಡು. ಶಾಲೆಯಲ್ಲಿ ಹುಡುಗನಿಗೆ ತಲೆಯೆತ್ತಿ ನಡೆಯುವಂತಿರಲಿಲ್ಲ. "ಬೇರೆ ತಂಡ ಹಿಡಿಯಬಾರದೇನೋ?" ಎಂದು ನಮ್ಮ ಮನೆಯವರು ಕೇಳಿದ್ದಕ್ಕೆ, "ಅಜ್ಜೀ, ಅದು ಹಾಗೆ ಬದಲಾಯಿಸುವಂಥದ್ದಲ್ಲ" ಎಂದು ಅವನು ಎಷ್ಟು ಗಂಭೀರವಾಗಿ ಹೇಳಿದನೆಂದರೆ ಅವರು ಮತ್ತೆ ಆ ಮಾತೆತ್ತಲಿಲ್ಲ. ಸೋತ ತಂಡದ ಅಭಿಮಾನಿಗೆ ಸೆಪ್ಟೆಂಬರಿನಲ್ಲಿ ಹಬ್ಬವಿಲ್ಲ; ಅವನ ಹಬ್ಬ ನವೆಂಬರಿನಲ್ಲಿ. ಆ ನೋಟ್ ಪುಸ್ತಕ ಅವನ ಪಾಲಿನ ಪಂಚಾಂಗ.

೨೦೨೧ರಲ್ಲಿ ಅವರ ಮೊದಲ ಸರದಿಗೆ ಬಂದವನು ಜೇಸನ್ ಹಾರ್ನ್-ಫ್ರಾನ್ಸಿಸ್, ದಕ್ಷಿಣ ಆಸ್ಟ್ರೇಲಿಯದ ಹುಡುಗ. ಒಂದೇ ಒಂದು ಋತು ಆಡಿದ. ೨೦೨೨ರ ಅಕ್ಟೋಬರಿನಲ್ಲಿ ತನ್ನೂರಿನ ಕಡೆಗೆ, ಪೋರ್ಟ್ ಅಡಿಲೇಡಿಗೆ, ಕಳುಹಿಸಿಕೊಡಿರೆಂದು ಕೇಳಿ ಹೊರಟ. ಮೊಮ್ಮಗನ ಕೋಪ ಹೇಳತೀರದು. ಅವನ ಅಂಗಿಯ ಬೆನ್ನ ಮೇಲೆ ಆ ಹುಡುಗನ ಸಂಖ್ಯೆಯಿತ್ತು. ಅಂಗಿ ಕಪಾಟಿನ ತಳ ಸೇರಿತು.

ನಮಗೆ ಮಾತ್ರ ಕೋಪ ಬರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನೇಮಕದ ಕಾಗದ ಹಿಡಿದು ಕುಂದಾಪುರದಿಂದ ಬಂದು, ದಾದರಿನ ಖೋಲಿಯೊಂದರಲ್ಲಿ ಆರು ಜನರ ನಡುವೆ ಚಾಪೆ ಹಾಸಿದ ಮೊದಲ ರಾತ್ರಿ ನಮಗಿನ್ನೂ ಮರೆತಿಲ್ಲ. ಊರನ್ನು ನಾವು ಆರಿಸಿರಲಿಲ್ಲ, ಕಾಗದ ಆರಿಸಿತ್ತು. ನಮ್ಮೊಂದಿಗೆ ಬಂದವನೊಬ್ಬ ಎಂಟು ತಿಂಗಳಿಗೆ ಬದಲಿಗೆ ಅರ್ಜಿ ಹಾಕಿ, ಸಿಗದೆ, ಕೆಲಸವನ್ನೇ ಬಿಟ್ಟು ಮರಳಿದ. ನಾವು ಹಿಂದಿನಿಂದ ಅವನನ್ನು ಹೇಡಿಯೆಂದೆವು. ಈ ಮಾತನ್ನು ಮೊಮ್ಮಗನಿಗೆ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, "ಆದರೂ ಒಂದು ವರ್ಷಕ್ಕೇ ಹೋಗಬಾರದಿತ್ತು" ಎಂದ. ಅದೂ ನ್ಯಾಯವೇ.

ಇಲ್ಲಿಂದಲೇ ನಾಲ್ಕು ತಂಡಗಳ ದೊಡ್ಡ ವಿನಿಮಯ ಹುಟ್ಟಿತು. ನಾರ್ತ್‌ನವರು ಹುಡುಗನೊಡನೆ ಆ ವರ್ಷದ ಮೊದಲನೆಯ ಸರದಿಯನ್ನೂ ಬಿಟ್ಟುಕೊಟ್ಟರು. ಎರಡನೆಯದು, ಮೂರನೆಯದು, ಪೋರ್ಟ್ ಅಡಿಲೇಡಿನ ಮುಂದಿನ ವರ್ಷದ ಮೊದಲ ಸುತ್ತಿನದು, ಇಷ್ಟನ್ನು ಪಡೆದರು. ಮೊದಲನೆಯದು ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಹೋಯಿತು, ವೆಸ್ಟ್ ಕೋಸ್ಟಿಗೆ ಎಂಟು ಮತ್ತು ಹನ್ನೆರಡು. ಆ ರಾತ್ರಿ ಮೊಮ್ಮಗ ಪುಟ ತಿದ್ದಿದ್ದೇ ತಿದ್ದಿದ್ದು. ನಾವು ಪಕ್ಕದಲ್ಲಿ ಕೂತು, ಕೊಟ್ಟದ್ದು ಪಡೆದದ್ದು ತಾಳೆಯಾಗುವವರೆಗೆ ಅವನನ್ನು ಏಳಗೊಡಲಿಲ್ಲ.

ಅವನಿಗೆ ಸಮಾಧಾನ ಹೇಳಲೆಂದು ಅಳಿಯಂದಿರು ೨೦೦೧ರ ಕಥೆ ತೆಗೆದರು. ಆ ವರ್ಷ ಮೊದಲ ಸರದಿ ಫ್ರೀಮ್ಯಾಂಟಲ್ ತಂಡದ್ದು. ಅವರು ೧, ೨೦, ೩೬ ಈ ಮೂರು ಸರದಿಗಳನ್ನು ಹಾಥಾರ್ನ್ ತಂಡಕ್ಕೆ ಕೊಟ್ಟು, ಟ್ರೆಂಟ್ ಕ್ರೋಡ್ ಮತ್ತು ಲ್ಯೂಕ್ ಮಕ್‌ಫಾರ್ಲಿನ್ ಎಂಬಿಬ್ಬರನ್ನು ಪಡೆದರು. ಹಾಥಾರ್ನಿನವರು ಮೊದಲನೆಯದರಲ್ಲಿ ಲ್ಯೂಕ್ ಹಾಜ್‌ನನ್ನೂ, ೩೬ರಲ್ಲಿ ಸ್ಯಾಮ್ ಮಿಚೆಲ್‌ನನ್ನೂ ಆರಿಸಿದರು. ೨೦೦೮ರ ಪ್ರಶಸ್ತಿಗೆ ಮಿಚೆಲ್ ನಾಯಕ. ೨೦೧೩, ೧೪, ೧೫ರ ಪ್ರಶಸ್ತಿಗಳಿಗೆ ಹಾಜ್ ನಾಯಕ. ಕ್ರೋಡ್ ಎರಡೇ ಋತು ಆಡಿ ಹಾಥಾರ್ನಿಗೇ ಮರಳಿ, ೨೦೦೮ರ ಗೆಲುವಿನಲ್ಲಿ ಪಾಲುಗಾರನಾದ! ಮಕ್‌ಫಾರ್ಲಿನ್ ಮಾತ್ರ ಫ್ರೀಮ್ಯಾಂಟಲಿನಲ್ಲೇ ನಿಂತು ಒಳ್ಳೆಯ ಹೆಸರು ಗಳಿಸಿದ. ೨೦೧೩ರ ಅಂತಿಮ ಪಂದ್ಯದಲ್ಲಿ ಅವನ ತಂಡದ ಎದುರಿಗೆ ನಿಂತದ್ದು ಹಾಜ್‌ನ ತಂಡ. ಗೆದ್ದದ್ದು ಯಾರೆಂದು ಮೇಲೆಯೇ ಹೇಳಿಯಾಯಿತು. ಅದೇ ೨೦೦೧ರಲ್ಲಿ ಮೂರನೆಯವನಾಗಿ ಹೋದ ಕ್ರಿಸ್ ಜಡ್ ಮುಂದೆ ಎರಡು ಬಾರಿ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕ ಪಡೆದ. ತಂದೆಯ ಹಕ್ಕಿನಿಂದ ೪೦ನೆಯ ಸಂಖ್ಯೆಯಲ್ಲಿ ಜೀಲಾಂಗಿಗೆ ಹೋದ ಗ್ಯಾರಿ ಆಬ್ಲೆಟ್ ಕೂಡ ಎರಡು ಬಾರಿ ಪಡೆದ. ೧೯೯೦ರಲ್ಲಿ ೭೯ನೆಯವನಾಗಿ ಎಸೆಂಡನ್ ಸೇರಿದ ಜೇಮ್ಸ್ ಹರ್ಡ್‌ಗೂ ೧೯೯೬ರಲ್ಲಿ ಆ ಪದಕ ಬಂತು. ಹದಿನೆಂಟರ ಹುಡುಗನನ್ನು ನೋಡಿ ಇಪ್ಪತ್ತೆಂಟರ ಗಂಡಸನ್ನು ಊಹಿಸುವುದು ಸುಲಭವಲ್ಲ. ೨೦೦೮ರಲ್ಲಿ ಐಪಿಎಲ್ ತಂಡಗಳು ಹತ್ತೊಂಬತ್ತರೊಳಗಿನವರ ಪಂಗಡದ ಹುಡುಗರನ್ನು ಸರದಿಯ ಮೇಲೆಯೇ ಆರಿಸಿದುವು. ದೆಹಲಿಯವರು ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿ, ದೆಹಲಿಯವನೇ ಆದ ವಿರಾಟ್ ಕೊಹ್ಲಿಯನ್ನು ಬೆಂಗಳೂರಿಗೆ ಬಿಟ್ಟುಕೊಟ್ಟ ಸಂಗತಿ ಓದುಗರಿಗೆ ತಿಳಿದದ್ದೇ.

ಸೋತವರಿಗೆ ಬಹುಮಾನವಿಟ್ಟರೆ ಬೇಕೆಂದೇ ಸೋಲುವವರು ಹುಟ್ಟುವುದಿಲ್ಲವೇ ಎಂದು ವಾಚಕರು ಕೇಳಬಹುದು. ನಾವೂ ಕೇಳಿದೆವು. ಒಂದು ಕಾಲದಲ್ಲಿ, ಎರಡು ವರ್ಷ ಸತತವಾಗಿ ಐದಕ್ಕಿಂತ ಕಡಿಮೆ ಪಂದ್ಯ ಗೆದ್ದವರಿಗೆ ಮೊದಲ ಸುತ್ತಿಗೆ ಮುಂಚೆಯೇ ಒಂದು ಹೆಚ್ಚಿನ ಸರದಿ ಸಿಗುತ್ತಿತ್ತು. ೨೦೦೮ರಲ್ಲಿ ಮೂರು, ೨೦೦೯ರಲ್ಲಿ ನಾಲ್ಕು ಗೆದ್ದ ಮೆಲ್ಬರ್ನ್ ತಂಡಕ್ಕೆ ಹೀಗೆ ೧ ಮತ್ತು ೨ ಎರಡೂ ದೊರೆತುವು. ಸಂಶಯ ಹಬ್ಬಿ ವಿಚಾರಣೆಯಾಯಿತು. ಬೇಕೆಂದು ಸೋತರೆಂಬ ಆರೋಪ ನಿಲ್ಲಲಿಲ್ಲ. ಆದರೂ ೨೦೧೩ರಲ್ಲಿ ತಂಡಕ್ಕೆ ೫ ಲಕ್ಷ ಡಾಲರ್ ದಂಡ ಬಿತ್ತು. ಆ ಮೊದಲ ಸರದಿಯ ಹುಡುಗ ಟಾಮ್ ಸ್ಕಲಿ ಎರಡು ಋತು ಆಡಿ ಬೇರೆ ತಂಡಕ್ಕೆ ಹೋಗಿಬಿಟ್ಟ. ಕಾರ್ಲ್ಟನ್ ತಂಡವಂತೂ ೨೦೦೫, ೦೬, ೦೭ ಮೂರು ವರ್ಷವೂ ಮೊದಲ ಆಯ್ಕೆಯನ್ನು ಮಾಡಿತು; ಅವರು ೧೯೯೫ರ ಮೇಲೆ ೨೦೨೫ರ ತನಕ ಒಂದು ಪ್ರಶಸ್ತಿಯನ್ನೂ ಕಂಡಿಲ್ಲ.

ನವೆಂಬರ್ ಕೊನೆಯ ಆ ಸಂಜೆ ಎಲ್ಲರೂ ಟೀವಿಯ ಮುಂದೆ ಕೂತೆವು. ನಮ್ಮ ಮನೆಯವರು ಚಕ್ಕುಲಿಯ ಡಬ್ಬಿ ತಂದಿಟ್ಟರು. ಸಿಡ್ನಿಯವರು ಮೊದಲಿಗೆ ಆರನ್ ಕ್ಯಾಡ್‌ಮನ್‌ನನ್ನು ಕರೆದರು. ವಿಕ್ಟೋರಿಯದ ಹುಡುಗ, ಇನ್ನು ಸಿಡ್ನಿಯಲ್ಲಿ ಸಂಸಾರ ಹೂಡಬೇಕು. ಹುಡುಗರು ಎದ್ದು ತಂದೆತಾಯಿಗಳನ್ನು ತಬ್ಬಿಕೊಳ್ಳುವುದನ್ನು ನೋಡುತ್ತ ನಮ್ಮ ಮನೆಯವರು, "ಆ ತಾಯಂದಿರು ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯುವುದಿಲ್ಲವಲ್ಲ" ಎಂದರು. ಎರಡನೆಯ ಸರದಿ ನಮ್ಮ ನಾರ್ತ್‌ನದು. ಅವರು ವಿಲ್ ಆಶ್‌ಕ್ರಾಫ್ಟ್‌ನ ಹೆಸರು ಹೇಳಿದರು. ಅವನ ತಂದೆ ಮಾರ್ಕಸ್ ಬ್ರಿಸ್ಬೇನಿಗೆ ಆಡಿದವರು. ಬ್ರಿಸ್ಬೇನಿನವರು ತಕ್ಷಣ ಬೆಲೆ ತೆತ್ತರು. ೨೫೧೭ರಲ್ಲಿ ಇಪ್ಪತ್ತು ಪಾಲು ಕಳೆದರೆ ೨೦೧೪ ಎಂದು ನಾವು ಬಾಯಿಲೆಕ್ಕ ಹೇಳುವಷ್ಟರಲ್ಲಿ ಎಲ್ಲರ ಸರದಿಯೂ ಒಂದೊಂದು ಕೆಳಗೆ ಸರಿದು, ನಾರ್ತ್‌ನ ೨ ಮತ್ತು ೩ ಎಂಬುವು ೩ ಮತ್ತು ೪ ಆಗಿಹೋದುವು. ಮತ್ತೆ ರಬ್ಬರು! ಆಮೇಲೆ ಬಂದುವು ಆ ಎರಡು ಹೆಸರುಗಳು: ಹ್ಯಾರಿ ಶೀಜಲ್, ಜಾರ್ಜ್ ವಾರ್ಡ್‌ಲಾ. ಮೊಮ್ಮಗ ಅವನ್ನು ಪೆನ್ಸಿಲ್ ಬಿಟ್ಟು ಮಸಿಯಲ್ಲಿ ಬರೆದ.

ಆಶ್‌ಕ್ರಾಫ್ಟ್ ಬ್ರಿಸ್ಬೇನಿಗೆ ೨೦೨೪ರಲ್ಲಿಯೂ ೨೦೨೫ರಲ್ಲಿಯೂ ಪ್ರಶಸ್ತಿ ತಂದ ತಂಡದಲ್ಲಿದ್ದು, ಎರಡೂ ಅಂತಿಮ ಪಂದ್ಯಗಳ ಶ್ರೇಷ್ಠ ಆಟಗಾರನೆನಿಸಿದ. ಶೀಜಲ್ ೨೦೨೩ರಲ್ಲಿ ವರ್ಷದ ಉದಯೋನ್ಮುಖ ಆಟಗಾರನ ಪ್ರಶಸ್ತಿ ಪಡೆದ. ನಾರ್ತ್ ಮೆಲ್ಬರ್ನ್ ಮಾತ್ರ ೨೦೨೩ರಲ್ಲಿ ಹದಿನೇಳನೆಯ ಸ್ಥಾನ, ೨೦೨೪ರಲ್ಲಿಯೂ ಹದಿನೇಳನೆಯ ಸ್ಥಾನ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಮ್ಮಗ ಪುಸ್ತಕ ಹಿಡಿದು ನಮ್ಮ ಕೋಣೆಗೆ ಬಂದ. ಮುಂದಿನ ವರ್ಷದ ಪುಟಕ್ಕೆ ಗೆರೆ ಹಾಕಿಕೊಡಬೇಕಂತೆ. ನಮ್ಮ ಗೆರೆ ನೆಟ್ಟಗಿರುತ್ತದಂತೆ. ಅಡಿಕೋಲು ಕೇಳಿ ಪಡೆದು, ಸಂಖ್ಯೆಗೊಂದು, ಹೆಸರಿಗೊಂದು, ಷರಾಕ್ಕೊಂದು, ಹೀಗೆ ಮೂರು ಕಲಮು ಎಳೆದೆವು. ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟು, ಮೊದಲ ಸಾಲಿನಲ್ಲಿ ಅವನು ಬರೆದುಕೊಂಡದ್ದು: ಪೋರ್ಟ್ ಅಡಿಲೇಡಿನಿಂದ ನಮಗೆ ಬರಬೇಕಾದದ್ದು, ಒಂದು.