ಆಟಗಾರನ ಜೊತೆಗೆ ಎದುರಾಳಿಯೂ ಬೆಳೆದರೆ: ಕಂಬಳದ ಕರೆಯಿಂದ ಕಂಪ್ಯೂಟರ್ ಆಟದವರೆಗೆ

ಕೋಣಗಳ ಜೋಡಿಯೊಂದನ್ನು ಕಂಬಳದ ಕರೆಗೆ ಇಳಿಸುವ ಮುನ್ನ ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ: ಈ ಜೋಡಿ ಯಾವ ವಿಭಾಗದಲ್ಲಿ ಓಡಬೇಕು? ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯ ವೀರ-ವಿಕ್ರಮ, ಕಕ್ಯಪದವಿನ ಸತ್ಯ-ಧರ್ಮ, ಬೆಳ್ತಂಗಡಿ ತಾಲೂಕಿನ ವೇಣೂರಿನ ಸೂರ್ಯ-ಚಂದ್ರ, ಮೂಡುಬಿದಿರೆಯ ಕೋಟಿ-ಚೆನ್ನಯ, ಹೀಗೆ ಕರೆಗಳ ಹೆಸರು ಯಾವುದೇ ಇರಲಿ, ಜೋಡುಕರೆ ಕಂಬಳದಲ್ಲಿ ವಿಭಾಗಗಳು ಆರು. ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ ಮತ್ತು ನೇಗಿಲು ಕಿರಿಯ. ಎಳೆಯ, ಅನುಭವ ಸಾಲದ ಕೋಣಗಳಿಗೆ ಕಿರಿಯ ವಿಭಾಗ. ಪಳಗಿದ ಕೋಣಗಳಿಗೆ ಹಿರಿಯ ವಿಭಾಗ. ನಿನ್ನೆ ಮೊನ್ನೆ ಕೆಸರಿಗೆ ಇಳಿದ ಜೋಡಿಯ ಪಕ್ಕದ ಕರೆಯಲ್ಲಿ ಹತ್ತಾರು ಪದಕ ಗೆದ್ದ ಜೋಡಿಯನ್ನು ನಿಲ್ಲಿಸಿದರೆ ಗಂತಿನಿಂದ ಬಿಟ್ಟ ಎರಡೇ ಕ್ಷಣದಲ್ಲಿ ಫಲಿತಾಂಶ ತಿಳಿದುಹೋಗುತ್ತದೆ. ಸೋತ ಯಜಮಾನ ಮುಂದಿನ ವರ್ಷ ಕೋಣಗಳನ್ನು ತರಲಾರ. ಗೆದ್ದವನಿಗೂ ಅದರಲ್ಲಿ ಸಂಭ್ರಮವಿರದು.

ಎದುರಾಳಿಯ ಬಲ ಸ್ಪರ್ಧಿಯ ಬಲಕ್ಕೆ ತಕ್ಕಂತಿರಬೇಕು ಎಂಬ ಈ ಹಳೆಯ ವಿವೇಕವನ್ನೇ ಕಂಪ್ಯೂಟರ್ ಆಟಗಳ ತಯಾರಕರು ಬೇರೊಂದು ಹೆಸರಿನಲ್ಲಿ ಬಳಸುತ್ತಾರೆ. ಆಟಗಾರರ ವಲಯದಲ್ಲಿ ಅದಕ್ಕೆ ‘ಲೆವೆಲ್ ಸ್ಕೇಲಿಂಗ್’ ಎನ್ನುತ್ತಾರೆ. ಆಟಗಾರನ ಹಂತ ಏರಿದಂತೆ ಶತ್ರುವಿನ ಹಂತವೂ ತಾನಾಗಿ ಏರುವ ವ್ಯವಸ್ಥೆ ಇದು. ರೋಲ್ ಪ್ಲೇಯಿಂಗ್ ಆಟಗಳ ಅಭಿಮಾನಿಗಳಲ್ಲಿ ಇಷ್ಟು ಕಟುವಾದ ಚರ್ಚೆಗೆ ಗುರಿಯಾದ ತಂತ್ರ ಇನ್ನೊಂದಿರಲಿಕ್ಕಿಲ್ಲ. ‘ನಮ್ಮ ಶ್ರಮಕ್ಕೆ ಬೆಲೆಯೇ ಇಲ್ಲದಂತೆ ಮಾಡುವ ಮೋಸ’ ಎಂಬುದು ವಿರೋಧಿಗಳ ದೂರು. ಈ ದೂರಿನಲ್ಲಿ ಹುರುಳಿದೆ. ಆದರೂ ತಂತ್ರವನ್ನೇ ಕೈಬಿಡಬೇಕೆಂಬ ವಾದ ಒಪ್ಪತಕ್ಕದ್ದಲ್ಲ.

ರೋಲ್ ಪ್ಲೇಯಿಂಗ್ ಆಟದಲ್ಲಿ ಆಟಗಾರ ಒಬ್ಬ ವೀರನ ಪಾತ್ರ ವಹಿಸುತ್ತಾನೆ. ಶತ್ರುಗಳನ್ನು ಸೋಲಿಸಿದಾಗ, ಒಪ್ಪಿಸಿದ ಕೆಲಸ ಮುಗಿಸಿದಾಗ ಅನುಭವದ ಅಂಕಗಳು ದೊರೆಯುತ್ತವೆ. ಅಂಕಗಳು ಕೂಡುತ್ತಾ ಹೋದಂತೆ ಹಂತ ಏರುತ್ತದೆ. ಕತ್ತಿಯ ಏಟು ಬಲವಾಗುತ್ತದೆ, ಪ್ರಾಣಬಲ ಹೆಚ್ಚುತ್ತದೆ. ಈ ಬೆಳವಣಿಗೆಯೇ ಇಂಥ ಆಟಗಳ ಜೀವಾಳ. ವೀರನೇನೋ ಬೆಳೆಯುತ್ತಾನೆ, ಲೋಕ ಏನು ಮಾಡಬೇಕು ಎಂಬಲ್ಲಿ ಸಮಸ್ಯೆ ಶುರುವಾಗುತ್ತದೆ.

<b>ಮೂರು ಊರುಗಳ ಆಟ</b>

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಿನ ತ್ರಿಕೋನವನ್ನೇ ಇಂಥದೊಂದು ಆಟದ ಭೂಪಟ ಎಂದು ಕಲ್ಪಿಸಿಕೊಳ್ಳೋಣ. ವೀರನ ಪಯಣ ನೇತ್ರಾವತಿ ದಂಡೆಯ ಬಂಟ್ವಾಳದಿಂದ ಆರಂಭ. ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿದರೆ ಬೆಳ್ತಂಗಡಿ. ಸಿದ್ಧಕಟ್ಟೆಯ ದಾರಿ ಹಿಡಿದರೆ ಮೂಡುಬಿದಿರೆ. ಗುರುವಾಯನಕೆರೆಯಿಂದ ವೇಣೂರಿನ ಮೂಲಕವೂ ಮೂಡುಬಿದಿರೆ ಸೇರಬಹುದು.

ಶತ್ರುಗಳ ಹಂತವನ್ನು ಮೊದಲೇ ಗಟ್ಟಿಯಾಗಿ ನಿಗದಿ ಮಾಡುವ ತಯಾರಕ ಈ ಭೂಪಟವನ್ನು ಹೀಗೆ ಹಂಚುತ್ತಾನೆ: ಬಂಟ್ವಾಳದ ಸುತ್ತ 1ರಿಂದ 10ನೇ ಹಂತದ ಶತ್ರುಗಳು, ಬೆಳ್ತಂಗಡಿಯಲ್ಲಿ 10ರಿಂದ 20, ಮೂಡುಬಿದಿರೆಯಲ್ಲಿ 20ರಿಂದ 30. ಮೊದಲ ದಿನವೇ ಸಾವಿರ ಕಂಬದ ಬಸದಿ ನೋಡುವ ಆಸೆಯಿಂದ ಸಿದ್ಧಕಟ್ಟೆಯ ದಾರಿ ಹಿಡಿದ ಆಟಗಾರ, ಎದುರಾದ ಮೊದಲ ತೋಳಕ್ಕೇ ಬಲಿ. ಕಾಣುವ ದಾರಿಗಳು ಮೂರಾದರೂ ನಡೆಯಲು ಸಾಧ್ಯವಿರುವುದು ಒಂದೇ. ಇನ್ನು 30ನೇ ಹಂತ ಮುಟ್ಟಿ ಬಂಟ್ವಾಳಕ್ಕೆ ಮರಳಿದರೆ ಅಲ್ಲಿನ ಕಳ್ಳಕಾಕರು ಒಂದೇ ಏಟಿಗೆ ಉರುಳುತ್ತಾರೆ. ಆ ಊರಿನಲ್ಲಿ ಮಾಡದೆ ಬಿಟ್ಟ ಕೆಲಸಗಳೆಲ್ಲ ಸಪ್ಪೆ. ಹೀಗೆ ಆಟದ ಮೂರನೇ ಎರಡು ಭಾಗ ಬಳಸಿ ಎಸೆದ ಬಾಳೆಲೆಯಂತಾಗುತ್ತದೆ.

ಲೆವೆಲ್ ಸ್ಕೇಲಿಂಗ್ ಇದ್ದಲ್ಲಿ ಈ ಬೇಲಿ ಇರುವುದಿಲ್ಲ. ಆಟಗಾರ 3ನೇ ಹಂತದಲ್ಲಿ ಮೂಡುಬಿದಿರೆಗೆ ಹೋದರೆ ಅಲ್ಲಿನ ಶತ್ರುಗಳೂ ಸರಿಸುಮಾರು 3ನೇ ಹಂತದವರು. 25ನೇ ಹಂತದಲ್ಲಿ ಬಂಟ್ವಾಳಕ್ಕೆ ಹಿಂದಿರುಗಿದರೆ ಅಲ್ಲಿಯೂ ಕತ್ತಿ ಝಳಪಿಸಲು ಕಾರಣವಿರುತ್ತದೆ. ಯಾವ ದಾರಿ ಮೊದಲು ಎಂಬ ತೀರ್ಮಾನ ಆಟಗಾರನದೇ. ವಿಶಾಲ ಲೋಕದಲ್ಲಿ ಸ್ವೇಚ್ಛೆಯಾಗಿ ಅಲೆಯಿರಿ ಎಂದು ಜಾಹೀರಾತು ನೀಡುವ ಆಟಗಳಿಗೆ ಇದು ಹೆಚ್ಚುಕಡಿಮೆ ಅನಿವಾರ್ಯ.

ಕಥೆಗೂ ಇದರಿಂದ ಲಾಭವಿದೆ. ಉಪಕಥೆಗಳನ್ನೆಲ್ಲ ಶ್ರದ್ಧೆಯಿಂದ ಮುಗಿಸಿದ ಆಟಗಾರ ಅಗತ್ಯಕ್ಕಿಂತ ಹೆಚ್ಚು ಬಲಿಷ್ಠನಾಗಿಬಿಡುತ್ತಾನೆ. ನಲವತ್ತು ಗಂಟೆಗಳ ಕಾಲ ಇಡೀ ರಾಜ್ಯವನ್ನು ನಡುಗಿಸಿದ ಖಳನಾಯಕ ಕೊನೆಯ ಯುದ್ಧದಲ್ಲಿ ಎರಡೇ ಏಟಿಗೆ ಬಿದ್ದರೆ ಅದಕ್ಕಿಂತ ನೀರಸವಾದುದು ಬೇರೊಂದಿಲ್ಲ. ರಾತ್ರಿಯಿಡೀ ಅಬ್ಬರಿಸಿದ ಬಣ್ಣದ ವೇಷ ಬೆಳಗಿನ ಜಾವದ ಯುದ್ಧದಲ್ಲಿ ಕುಣಿಯದೆಯೇ ಚೌಕಿಗೆ ಹೋದಂತೆ. ಇತ್ತ ಮುಖ್ಯ ಕಥೆಯನ್ನಷ್ಟೇ ಹಿಡಿದು ಹೊರಟವನದು ತದ್ವಿರುದ್ಧ ಪಾಡು. ಹಂತ ಸಾಲದೆ, ಅದೇ ಕಾಡಿನ ಅದೇ ತೋಳಗಳನ್ನು ಗಂಟೆಗಟ್ಟಲೆ ಕೊಲ್ಲಬೇಕಾಗುತ್ತದೆ. ಆಟಗಾರರು ಇದನ್ನು ‘ಗ್ರೈಂಡಿಂಗ್’, ಅಂದರೆ ಅರೆಯುವುದು ಎನ್ನುತ್ತಾರೆ. ಒರಳುಕಲ್ಲಿನ ಮುಂದೆ ಕುಳಿತವರಿಗೆ ಆ ಹೆಸರಿನ ಔಚಿತ್ಯ ಗೊತ್ತು. ದಿನಕ್ಕೆ ಒಂದು ಗಂಟೆ ಬಿಡುವು ಸಿಗುವ ಉದ್ಯೋಗಸ್ಥನಿಗೆ ಅರೆಯುವ ಕೆಲಸವನ್ನು ತಪ್ಪಿಸಿಕೊಡುವುದೇ ದೊಡ್ಡ ಉಪಕಾರ.

ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1970ರ ದಶಕದಲ್ಲೇ ಈ ಬಗ್ಗೆ ವಿವರಿಸಿದ್ದರು. ಸವಾಲು ಕೌಶಲ್ಯಕ್ಕಿಂತ ತೀರಾ ದೊಡ್ಡದಾದರೆ ಆತಂಕ, ತೀರಾ ಚಿಕ್ಕದಾದರೆ ಬೇಸರ. ಎರಡೂ ಸಮನಾದಾಗ ಮನುಷ್ಯ ಕೆಲಸದಲ್ಲಿ ಮೈಮರೆಯುತ್ತಾನೆ.

<b>ಗಾಜಿನ ಕವಚದ ದರೋಡೆಕೋರ</b>

ಹಾಗಾದರೆ ದೂರು ಎಲ್ಲಿಂದ ಬಂತು? ಬಹುಪಾಲು 2006ರಲ್ಲಿ ಬಿಡುಗಡೆಯಾದ ‘ದಿ ಎಲ್ಡರ್ ಸ್ಕ್ರೋಲ್ಸ್ 4: ಒಬ್ಲಿವಿಯನ್’ ಆಟದಿಂದ. ಅಮೆರಿಕದ ಬೆಥೆಸ್ಡಾ ಸಂಸ್ಥೆಯ ಈ ಆಟ ಅಪಾರ ಜನಪ್ರಿಯತೆ ಗಳಿಸಿತು. ಅದರಲ್ಲಿ ಬಹುತೇಕ ಶತ್ರುಗಳು, ಅವರ ಆಯುಧಗಳು, ಗುಹೆಗಳಲ್ಲಿ ದೊರೆಯುವ ನಿಧಿ ಎಲ್ಲವೂ ಆಟಗಾರನ ಹಂತಕ್ಕೆ ತಕ್ಕಂತೆ ಬದಲಾಗುತ್ತಿದ್ದವು. ಆರಂಭದಲ್ಲಿ ಹರಕು ಚರ್ಮದ ಕವಚ ತೊಟ್ಟಿದ್ದ ದಾರಿಗಳ್ಳರು ಕೊನೆಕೊನೆಗೆ ಆ ಲೋಕದ ಅತ್ಯಂತ ದುಬಾರಿ ಕವಚಗಳಲ್ಲಿ ಒಂದಾದ ಗಾಜಿನ ಕವಚ ಧರಿಸಿ ಎದುರಾಗುತ್ತಿದ್ದರು. ಅಷ್ಟು ಬೆಲೆಬಾಳುವ ಕವಚ ತೊಟ್ಟವನು ದಾರಿಹೋಕನನ್ನು ಅಡ್ಡಗಟ್ಟಿ ಕೇಳುತ್ತಿದ್ದುದು ಬರೀ ನೂರು ಚಿನ್ನದ ನಾಣ್ಯ! ಕವಚ ಮಾರಿದ್ದರೆ ಅವನು ದರೋಡೆಯನ್ನೇ ಬಿಡಬಹುದಿತ್ತು.

ನಗು ತರಿಸುವ ಈ ದೋಷದ ಕೆಳಗೆ ಇನ್ನೂ ಗಂಭೀರವಾದುದೊಂದಿತ್ತು. ಒಬ್ಲಿವಿಯನ್‌ನಲ್ಲಿ ಹಂತ ಏರಲು ಯುದ್ಧವನ್ನೇ ಮಾಡಬೇಕೆಂದಿರಲಿಲ್ಲ. ವ್ಯಾಪಾರ, ಮಾತುಗಾರಿಕೆಯಂಥ ವಿದ್ಯೆಗಳನ್ನು ಮುಖ್ಯವಾಗಿ ಆರಿಸಿಕೊಂಡವನು ಅವುಗಳ ಅಭ್ಯಾಸದಿಂದಲೇ ಹಂತ ಏರುತ್ತಿದ್ದ. ಆದರೆ ಶತ್ರುಗಳು ಲೆಕ್ಕ ಹಾಕುತ್ತಿದ್ದುದು ಹಂತವನ್ನು ಮಾತ್ರ. ಚೌಕಾಸಿಯಲ್ಲಿ ಪರಿಣತನಾದ ವೀರ ಊರ ಹೊರಗೆ ಕಾಲಿಟ್ಟರೆ ಖಡ್ಗದಲ್ಲಿ ಪರಿಣತರಾದ ರಾಕ್ಷಸರು ಕಾದಿರುತ್ತಿದ್ದರು. ಹಂತ ಏರಿದಷ್ಟೂ ಆತ ದುರ್ಬಲನಾಗುತ್ತಾ ಹೋಗುತ್ತಿದ್ದ. 1999ರ ‘ಫೈನಲ್ ಫ್ಯಾಂಟಸಿ 8’ರಲ್ಲಿಯೂ ಶತ್ರುಗಳ ಬಲ ಆಟಗಾರನ ತಂಡದ ಸರಾಸರಿ ಹಂತವನ್ನು ಅನುಸರಿಸುತ್ತಿತ್ತು. ಹಂತ ಏರದಂತೆ ನೋಡಿಕೊಂಡು, ಸಂಗ್ರಹಿಸಿದ ಮಂತ್ರಗಳಿಂದ ಬಲ ಹೆಚ್ಚಿಸಿಕೊಳ್ಳುವುದೇ ಗೆಲ್ಲುವ ಸುಲಭ ಉಪಾಯ ಎಂಬುದನ್ನು ಜಾಣ ಆಟಗಾರರು ಬಲುಬೇಗ ಕಂಡುಕೊಂಡರು. ಬೆಳೆಯದಿರುವುದೇ ಲಾಭ ಎಂದಾದರೆ ಅದು ಆಟದ ಮೂಲಕ್ಕೇ ಬಿದ್ದ ಪೆಟ್ಟು.

ಲೆಕ್ಕ ಸರಳವಾಗಿದೆ. 10ನೇ ಹಂತದ ವೀರನ ಒಂದು ಏಟಿನ ಬಲ 50, ತೋಳದ ಪ್ರಾಣಬಲ 200 ಎಂದಿಟ್ಟುಕೊಳ್ಳಿ. ನಾಲ್ಕು ಏಟಿಗೆ ತೋಳ ಸಾಯುತ್ತದೆ. 20ನೇ ಹಂತದಲ್ಲಿ ಏಟಿನ ಬಲ 100, ತೋಳದ ಪ್ರಾಣಬಲ 400. ಈಗಲೂ ನಾಲ್ಕೇ ಏಟು. ತೆರೆಯ ಮೇಲಿನ ಅಂಕಿಗಳು ಇಮ್ಮಡಿಯಾದವು, ಅನುಭವ ಇದ್ದಲ್ಲಿಯೇ ಇದೆ. ಹೊಸ ವಿದ್ಯೆ, ಹೊಸ ಆಯುಧ, ಹೊಸ ಯುಕ್ತಿ ಕೈಗೆ ಬಂದಿದ್ದರೆ ಮಾತ್ರ ಆ ನಾಲ್ಕು ಏಟುಗಳಲ್ಲಿ ವ್ಯತ್ಯಾಸ ತೋರುತ್ತದೆ.

<b>ಬದಲಾಗದ ನಿಶಾನೆ</b>

ಈ ಕೊರತೆಯನ್ನು ಹೇಗೆ ತುಂಬಬೇಕು ಎಂಬುದಕ್ಕೆ ಮತ್ತೆ ಕಂಬಳದ ಗದ್ದೆಗೇ ಮರಳಬಹುದು. ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲಿ ಕಿರಿಯ-ಹಿರಿಯ ಭೇದವಿದೆ. ಕನೆಹಲಗೆಯಲ್ಲಿ ಅದಿಲ್ಲ. ಅಲ್ಲಿ ಪಕ್ಕದ ಕರೆಯ ಜೋಡಿಯ ವೇಗ ಲೆಕ್ಕಕ್ಕೆ ಬಾರದು. ರಂಧ್ರವಿರುವ ಹಲಗೆಯ ಮೇಲೆ ನಿಂತು ಕೋಣ ಓಡಿಸುವಾಗ ಚಿಮ್ಮುವ ನೀರು ಕರೆಯ ಮೇಲೆ ಅಡ್ಡಲಾಗಿ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ನಿಶಾನೆಯ ಎತ್ತರ 6.5 ಕೋಲು, ಇನ್ನೂ ಮೇಲಿನದು 7.5 ಕೋಲು. ಓಡಿಸುವವನು ಹೊಸಬನೆಂದು ನಿಶಾನೆ ಕೆಳಗಿಳಿಯುವುದಿಲ್ಲ, ಹಳಬನೆಂದು ಮೇಲೇರುವುದೂ ಇಲ್ಲ. ಹಿಂದೆ ಮುಟ್ಟಲಾಗದ ನಿಶಾನೆಗೆ ಇಂದು ನೀರು ಹಾಯಿಸಿದರೆ ಬೆಳೆದಿದ್ದೇವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಗಡಿಯಾರವೂ ಅಂಥದೇ ನಿಶಾನೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರ್ ದೂರವನ್ನು 13.61 ಸೆಕೆಂಡುಗಳಲ್ಲಿ ಓಡಿದರು. ಕೋಣಗಳ ಸೆಳೆತದೊಂದಿಗೆ ಓಡುವವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿದ್ದು ಅತಿಯಾಯಿತು, ಅದು ಬೇರೆ ಮಾತು. ಪಕ್ಕದ ಕರೆಯ ಎದುರಾಳಿ ವಾರ ವಾರ ಬದಲಾದರೂ ಸೆಕೆಂಡಿನ ಅಳತೆ ಬದಲಾಗುವುದಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಒಬ್ಲಿವಿಯನ್‌ನಲ್ಲಿ ಇಲ್ಲದೆ ಹೋದದ್ದು ಇಂಥ ನಿಶಾನೆಗಳೇ. ಎದುರಾಳಿ ಬೆಳೆದದ್ದು ದೋಷವಲ್ಲ, ಬಹುಮಟ್ಟಿಗೆ ಎಲ್ಲವೂ ಬೆಳೆದದ್ದು ದೋಷ. ಅಭಿಮಾನಿಗಳು ‘ಆಸ್ಕ್ಯೂರೋಸ್ ಒಬ್ಲಿವಿಯನ್ ಓವರ್‌ಹಾಲ್’ ಎಂಬ ಮಾರ್ಪಾಡನ್ನು ತಾವೇ ರಚಿಸಿ ಅಪಾಯದ ಸ್ಥಳಗಳನ್ನು ಅಪಾಯಕಾರಿಯಾಗಿಯೇ ಉಳಿಸಿದರು. ಬೆಥೆಸ್ಡಾ ಕೂಡ ಪಾಠ ಕಲಿಯಿತು. 2011ರ ‘ಸ್ಕೈರಿಮ್’ ಆಟದಲ್ಲಿ ಪ್ರದೇಶಗಳಿಗೆ ಕನಿಷ್ಠ ಮತ್ತು ಗರಿಷ್ಠ ಹಂತಗಳ ಮಿತಿ ಬಂತು. ಆ ಮಿತಿಯೊಳಗೆ ಮಾತ್ರ ಶತ್ರುಗಳು ಆಟಗಾರನನ್ನು ಅನುಸರಿಸುತ್ತಾರೆ. ನಮ್ಮ ಕಲ್ಪಿತ ಭೂಪಟಕ್ಕೆ ಇದನ್ನು ಅನ್ವಯಿಸಿದರೆ ಬಂಟ್ವಾಳದ ಕಳ್ಳರು 12ನೇ ಹಂತಕ್ಕಿಂತ ಮೇಲೇರರು. ಬೆಳ್ತಂಗಡಿಯ ಗಡಾಯಿಕಲ್ಲಿನ ಕಡಿದಾದ ಕೋಟೆಯ ಕಾವಲುಗಾರ ಯಾರು ಬಂದರೂ 25ನೇ ಹಂತಕ್ಕಿಂತ ಕೆಳಗಿಳಿಯ. ನಡುವಿನ ದಾರಿಗಳೆಲ್ಲ ಮುಕ್ತ. ಮೊದಲ ದಿನ ಗಡಾಯಿಕಲ್ಲಿನಿಂದ ಓಡಿಬಂದವನು ತಿಂಗಳ ಬಳಿಕ ಅದನ್ನು ಹತ್ತಿಯೇ ತೀರುತ್ತಾನೆ.

ಸ್ಕೇಲಿಂಗ್‌ನ ಗೊಡವೆಯೇ ಬೇಡವೆಂದ ಆಟಗಳೂ ಗೆದ್ದಿವೆ ಎಂಬುದನ್ನು ಮರೆಯುವಂತಿಲ್ಲ. 2022ರ ‘ಎಲ್ಡನ್ ರಿಂಗ್’ನಲ್ಲಿ ಶತ್ರುಗಳ ಬಲ ಆಯಾ ಪ್ರದೇಶಕ್ಕೆ ನಿಗದಿಯಾಗಿದೆ. ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಚಿನ್ನದ ಕವಚದ ಕುದುರೆ ಸವಾರನೊಬ್ಬ ಹೊಸಬನನ್ನು ನಿರ್ದಯವಾಗಿ ಕೊಲ್ಲುತ್ತಾನೆ. ಆದರೆ ಆ ಆಟ ಸೋಲನ್ನೇ ರುಚಿಯನ್ನಾಗಿ ಬಡಿಸುವಂಥದು, ಕೈಚಳಕವುಳ್ಳವನು ಕಡಿಮೆ ಹಂತದಲ್ಲಿಯೂ ಗೆಲ್ಲಬಲ್ಲ. ಎಲ್ಲ ಆಟಗಾರರಿಗೂ ಅಷ್ಟು ಸಹನೆ, ಸಮಯ ಇರುವುದಿಲ್ಲ.

<b>ಅಣ್ಣ-ತಂಗಿ ಜೊತೆಯಾಗಿ</b>

ಸ್ಕೇಲಿಂಗ್‌ನ ಉಪಯೋಗ ಅತ್ಯಂತ ಸ್ಪಷ್ಟವಾಗುವುದು ಹಲವರು ಸೇರಿ ಆಡುವ ಆಟಗಳಲ್ಲಿ. ಮಂಗಳೂರಿನಲ್ಲಿ ಓದುವ ಅಣ್ಣ 50ನೇ ಹಂತದಲ್ಲಿದ್ದಾನೆ, ಊರಿನಲ್ಲಿರುವ ತಂಗಿ ನಿನ್ನೆಯಷ್ಟೇ ಆಡಲು ಆರಂಭಿಸಿದ್ದಾಳೆ ಎಂದುಕೊಳ್ಳಿ. ಹಳೆಯ ಪದ್ಧತಿಯಲ್ಲಿ ಇಬ್ಬರೂ ಒಟ್ಟಿಗೆ ಆಡುವಂತೆಯೇ ಇಲ್ಲ. ಅಣ್ಣನ ಶತ್ರು ತಂಗಿಯನ್ನು ಕೊಲ್ಲುತ್ತಾನೆ, ತಂಗಿಯ ಶತ್ರು ಅಣ್ಣನ ನೆರಳಿಗೇ ಸಾಯುತ್ತಾನೆ. 2012ರ ‘ಗಿಲ್ಡ್ ವಾರ್ಸ್ 2’ ಇದನ್ನು ತಿರುಗಿಸಿ ಯೋಚಿಸಿತು. ಶತ್ರುವನ್ನು ಏರಿಸುವ ಬದಲು ಆಟಗಾರನನ್ನೇ ಆಯಾ ಪ್ರದೇಶದ ಹಂತಕ್ಕೆ ತಾತ್ಕಾಲಿಕವಾಗಿ ಇಳಿಸಿತು. ಕಲಿತ ವಿದ್ಯೆಗಳು ಮಾತ್ರ ಕೈಯಲ್ಲೇ ಉಳಿಯುತ್ತವೆ. 2016ರ ಅಕ್ಟೋಬರ್‌ನಲ್ಲಿ ‘ದಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ ತನ್ನ ಇಡೀ ಲೋಕವನ್ನು ಎಲ್ಲ ಹಂತದವರಿಗೂ ತೆರೆದಿಟ್ಟಿತು. ಅಣ್ಣ ತಂಗಿ ಜೊತೆಯಾಗಿ ಎಲ್ಲಿಗೆ ಬೇಕಾದರೂ ಹೋಗಬಹುದು.

ಏಕಾಂಗಿಯಾಗಿ ಆಡುವ ಆಟಗಳಲ್ಲಿಯೂ ಈ ತಂತ್ರ ಮರಳಿ ಮನ್ನಣೆ ಪಡೆದಿದೆ. 2020ರಲ್ಲಿ ಬಂದ ‘ಸೈಬರ್‌ಪಂಕ್ 2077’ ಆರಂಭದಲ್ಲಿ ನಗರದ ಬಡಾವಣೆಗಳಿಗೆ ಬೇರೆ ಬೇರೆ ಹಂತ ನಿಗದಿ ಮಾಡಿತ್ತು. 2023ರ ಸೆಪ್ಟೆಂಬರ್‌ನ 2.0 ಪರಿಷ್ಕರಣೆಯಲ್ಲಿ ಶತ್ರುಗಳು ಆಟಗಾರನ ಹಂತವನ್ನು ಅನುಸರಿಸುವಂತೆ ಬದಲಾಯಿಸಲಾಯಿತು. ಜೊತೆಗೆ ವಿದ್ಯೆಗಳ ಪಟ್ಟಿಯನ್ನೂ ಹೊಸದಾಗಿ ರೂಪಿಸಲಾಯಿತು. ಹಂತ ಏರಿದಾಗ ಬರೀ ಅಂಕಿ ಏರದೆ, ಹೋರಾಡುವ ಬಗೆಯೇ ಬದಲಾಗಬೇಕೆಂಬುದು ಅದರ ಆಶಯ.

ಅದೇ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ 2015ರ ‘ದಿ ವಿಚರ್ 3’ ಆಟದಲ್ಲಂತೂ ತೀರ್ಮಾನವನ್ನು ಆಟಗಾರನಿಗೇ ಬಿಡಲಾಗಿದೆ. 2016ರ ಪರಿಷ್ಕರಣೆಯೊಂದಿಗೆ ಸೇರಿಸಿದ ಈ ಆಯ್ಕೆ, ಹಿಂದುಳಿದ ಶತ್ರುಗಳನ್ನು ನಾಯಕನ ಹಂತಕ್ಕೆ ಏರಿಸುತ್ತದೆಯೇ ಹೊರತು ಬಲಿಷ್ಠರನ್ನು ಕೆಳಗಿಳಿಸುವುದಿಲ್ಲ. ಹಳೆಯ ಊರುಗಳಿಗೆ ಮರಳಿದಾಗ ಕತ್ತಿಗೆ ಕೆಲಸ ಬೇಕೆನಿಸಿದವರು ಸೆಟ್ಟಿಂಗ್ಸ್‌ನ ಗೇಮ್‌ಪ್ಲೇ ಪುಟದಲ್ಲಿ ಅದನ್ನು ಚಾಲನೆಗೊಳಿಸಿಕೊಳ್ಳಬಹುದು.