ಒಡನಾಡಿಗಳ ಋಣ: ಜಾಂಬಿಯದ ಕಲುಶಾ ಬ್ವಾಲ್ಯನ ಚರಿತ್ರೆ

ಮನೆಯ ಮಕ್ಕಳು ಸಂಜೆಯ ಹೊತ್ತು ಕಾಲ್ಚೆಂಡಿನ ಬೆನ್ನು ಹತ್ತಿ ಓಡುವಾಗ, ಆಟದಿಂದ ಹೊಟ್ಟೆ ತುಂಬುವುದೆ ಎಂದು ಗದರಿಸದ ಗೃಹಸ್ಥರು ವಿರಳ. ನಾವು ಸಹ ಉಪಾಧ್ಯಾಯ ವೃತ್ತಿಯಲ್ಲಿದ್ದಾಗ, ಶಬ್ದರೂಪಗಳನ್ನು ಒಪ್ಪಿಸದೆ ಮೈದಾನಕ್ಕೆ ಓಡಿದ ಹುಡುಗರನ್ನು ಬಹಳವಾಗಿ ಗದರಿಸಿದವರೇ. ಆಟವೆಂಬುದು ಬರಿಯ ಕಾಲಹರಣವೆಂದು ನಮ್ಮ ಎಣಿಕೆಯಾಗಿದ್ದಿತು. ಆ ಎಣಿಕೆಯನ್ನು ಸಡಿಲಿಸಿದ ಚರಿತ್ರೆಯೊಂದನ್ನು ಇಂದು ವಾಚಕರ ಮುಂದಿಡುತ್ತೇವೆ.

ಆಫ್ರಿಕಾ ಖಂಡದ ದಕ್ಷಿಣಭಾಗದಲ್ಲಿ ಜಾಂಬಿಯವೆಂಬ ದೇಶವಿದೆ. ಸಮುದ್ರವಿಲ್ಲದ ಆ ನಾಡಿಗೆ ತಾಮ್ರದ ಗಣಿಗಳೇ ಸಂಪತ್ತು. ಅಂತಹ ಗಣಿಯೂರುಗಳಲ್ಲೊಂದಾದ ಮುಫುಲಿರದಲ್ಲಿ 1963ನೆಯ ಆಗಸ್ಟ್ 16ರಂದು ಕಲುಶಾ ಬ್ವಾಲ್ಯನು ಜನಿಸಿದನು. ನಮ್ಮ 'ಕಲುಷ' ಶಬ್ದಕ್ಕೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲವೆಂಬುದನ್ನು ವಾಚಕರು ಮೊದಲೇ ತಿಳಿಯತಕ್ಕದ್ದು. ಮರುವರ್ಷ ದೇಶವು ಆಂಗ್ಲರ ಆಳಿಕೆಯಿಂದ ಬಿಡುಗಡೆ ಹೊಂದಿತು. ನಾಡೂ ಮಗುವೂ ಒಂದೇ ಕಾಲಕ್ಕೆ ನಡೆಯ ಕಲಿತರೆನ್ನಬಹುದು.

ಕಲುಶಾನ ಎಡಗಾಲಿನ ಚಾತುರ್ಯವು ಬಹುಬೇಗ ಪ್ರಸಿದ್ಧವಾಯಿತು. ಮುಫುಲಿರ ವಾಂಡರರ್ಸ್ ತಂಡದಲ್ಲಿ ಮುಂಚೂಣಿಯ ಆಟಗಾರನಾಗಿದ್ದ ಈತನು ಬೆಲ್ಜಿಯಂ ದೇಶದ ಸರ್ಕಲ್ ಬ್ರೂಜ್ ತಂಡಕ್ಕೂ, ಅನಂತರ ಹಾಲೆಂಡಿನ ಪಿ.ಎಸ್.ವಿ. ಐಂಡ್‌ಹೋವನ್ ತಂಡಕ್ಕೂ ಸೇರಿದನು. 1988ರ ಸಿಯೋಲ್ ಒಲಿಂಪಿಕ್ ಕ್ರೀಡೆಗಳಲ್ಲಿ ಜಾಂಬಿಯವು ಕಾಲ್ಚೆಂಡಾಟಕ್ಕೆ ಹೆಸರಾದ ಇಟಲಿಯನ್ನು 4-0 ಗೋಲುಗಳಿಂದ ಸೋಲಿಸಿದಾಗ, ಅವುಗಳಲ್ಲಿ ಮೂರನ್ನು ಹೊಡೆದವನು ಕಲುಶಾ. ಆ ವರ್ಷವೇ ಆಫ್ರಿಕದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯೂ ಲಭಿಸಿತು.

ಇಷ್ಟೇ ಆಗಿದ್ದರೆ ಈತನ ಕಥೆಯು ಯಶಸ್ಸನ್ನು ಪಡೆದ ಅನೇಕರ ಕಥೆಗಳಲ್ಲೊಂದಾಗುತ್ತಿದ್ದಿತು. ವಿಧಿಯು ಬೇರೆ ಬಗೆದಿದ್ದಿತು.

1993ನೆಯ ಏಪ್ರಿಲ್ ತಿಂಗಳಿನಲ್ಲಿ ಜಾಂಬಿಯದ ತಂಡವು ಮಾರಿಷಸ್ ದ್ವೀಪದಲ್ಲಿ ಜಯಗಳಿಸಿ, ವಿಶ್ವಕಪ್ಪಿನ ಅರ್ಹತಾ ಪಂದ್ಯಕ್ಕಾಗಿ ಸೆನೆಗಾಲ್ ದೇಶಕ್ಕೆ ಹೊರಟಿತು. ಅವರು ಏರಿದ್ದುದು ಸೇನೆಯ ಹಳೆಯ ವಿಮಾನ. ಎಣ್ಣೆ ತುಂಬಿಸಿಕೊಳ್ಳಲು ಅಲ್ಲಲ್ಲಿ ಇಳಿಯುತ್ತ ಹೋಗಬೇಕು. ಏಪ್ರಿಲ್ 27ರ ರಾತ್ರಿ ಗೆಬಾನ್ ದೇಶದ ಲಿಬ್ರವೀಲ್ ನಗರದಿಂದ ಮೇಲೆದ್ದ ಸ್ವಲ್ಪ ಹೊತ್ತಿನಲ್ಲಿಯೇ ಅದು ಕಡಲಿಗೆ ಬಿದ್ದಿತು. ಒಂದು ಯಂತ್ರವು ಕೆಟ್ಟಿರಲು, ಬಳಲಿದ್ದ ಚಾಲಕನು ಸರಿಯಾಗಿದ್ದ ಇನ್ನೊಂದನ್ನು ನಿಲ್ಲಿಸಿದನೆಂದು ಹತ್ತು ವರ್ಷಗಳ ಮೇಲೆ ಹೊರಬಿದ್ದ ವರದಿಯು ತಿಳಿಸಿತು. ವಿಮಾನದಲ್ಲಿದ್ದ 30 ಮಂದಿಯೂ ಮಡಿದರು. ಅವರಲ್ಲಿ 18 ಮಂದಿ ಆಟಗಾರರು. ತಂಡದ ಶಿಕ್ಷಕನೂ, ತನ್ನ ಕಾಲದ ಮಹಾ ಗೋಲುಗಾರನೂ ಆದ ಗಾಡ್‌ಫ್ರೀ ಚಿತಾಲು ಸಹ ಅವರೊಡನೆ ಹೋದನು.

ತಂಡದ ನಾಯಕನಾದ ಕಲುಶಾ ಆ ವಿಮಾನದಲ್ಲಿರಲಿಲ್ಲ. ಆತನು ಹಾಲೆಂಡಿನಿಂದ ನೇರವಾಗಿ ಸೆನೆಗಾಲಿಗೆ ಬರುವುದೆಂದು ಏರ್ಪಾಡಾಗಿದ್ದಿತು. ಅವನಿಗೆ ದೂರವಾಣಿಯಲ್ಲಿ ಸುದ್ದಿ ತಲಪಿತು. ಒಂದೇ ರಾತ್ರಿಯಲ್ಲಿ ಇಷ್ಟೊಂದು ಒಡನಾಡಿಗಳನ್ನು ಕಳೆದುಕೊಂಡವನ ಮನಸ್ಸನ್ನು ವರ್ಣಿಸಲು ನಾವು ಹೋಗುವುದಿಲ್ಲ. ಮಡಿದವರನ್ನು ಲುಸಾಕ ನಗರದ ದೊಡ್ಡ ಕ್ರೀಡಾಂಗಣದ ಮಗ್ಗುಲಲ್ಲಿಯೇ ಸಮಾಧಿ ಮಾಡಿದರು.

ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣವೆಂದು ಮೂರು ಋಣಗಳನ್ನು ಎಣಿಸಿದರು. ಒಡನಾಡಿಗಳ ಋಣವೆಂಬ ನಾಲ್ಕನೆಯದೊಂದಿರುವುದೆಂದು ಈ ಚರಿತ್ರೆಯನ್ನು ಓದಿದಾಗ ನಮಗೆ ತೋರಿತು. ಕಲುಶಾನಿಗೆ ಆಗ ಇಪ್ಪತ್ತೊಂಬತ್ತು ವರ್ಷ; ಪರದೇಶದಲ್ಲಿ ಕೀರ್ತಿಯೂ ಸಂಪಾದನೆಯೂ ಇದ್ದವು. ದೇಶದ ತಂಡವನ್ನು ಬಿಟ್ಟಿದ್ದರೆ ಯಾರೂ ದೂಷಿಸುತ್ತಿರಲಿಲ್ಲ. ಆತನು ಬಿಡಲಿಲ್ಲ. ಹೊಸ ಹುಡುಗರನ್ನು ಆಯ್ದು ಡೆನ್ಮಾರ್ಕಿನಲ್ಲಿ ಅಭ್ಯಾಸ ಮಾಡಿಸಲಾಯಿತು. ನಾಯಕತ್ವದ ಭಾರವು ಕಲುಶಾನ ಹೆಗಲಿಗೇ ಬಂದಿತು.

1993ನೆಯ ಜುಲೈ 4ರಂದು, ಗೆಳೆಯರ ಸಮಾಧಿಗಳ ಪಕ್ಕದ ಆ ಅಂಗಣದಲ್ಲಿಯೇ ಮೊರಾಕೊ ತಂಡದೊಡನೆ ಪಂದ್ಯವಾಯಿತು. ಮೊದಲ ಗೋಲು ಎದುರಾಳಿಗಳದು. ಅದಕ್ಕೆ ಸಮನಾಗಿ ಕಲುಶಾ ತನ್ನ ಎಡಗಾಲಿನಿಂದ ಗೋಲು ಹೊಡೆದನು. ಕಡೆಗೆ ಜಾಂಬಿಯವು 2-1ರಿಂದ ಗೆದ್ದಿತು. ಆದರೆ ಮೊರಾಕೊದಲ್ಲಿ ನಡೆದ ಮರುಪಂದ್ಯವನ್ನು ಒಂದು ಗೋಲಿನಿಂದ ಸೋತುದರಿಂದ ವಿಶ್ವಕಪ್ಪು ಕೈತಪ್ಪಿತು. 1994ರಲ್ಲಿ ಆಫ್ರಿಕ ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಗಿ ನೈಜೀರಿಯಕ್ಕೆ 2-1ರಿಂದ ಸೋತರು. 1996ರಲ್ಲಿ ಐದು ಗೋಲುಗಳಿಂದ ಕಲುಶಾನೇ ಸ್ಪರ್ಧೆಯ ಅಗ್ರಗಣ್ಯನಾದರೂ ತಂಡಕ್ಕೆ ದೊರೆತುದು ಮೂರನೆಯ ಸ್ಥಾನ. 2004ರಲ್ಲಿ ತಾನೇ ಶಿಕ್ಷಕನಾಗಿ, ನಾಲ್ವತ್ತೊಂದನೆಯ ವಯಸ್ಸಿನಲ್ಲಿ ಮೈದಾನಕ್ಕಿಳಿದು ಲೈಬೀರಿಯದ ಮೇಲೆ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು ಗೆಲ್ಲಿಸಿದನು. ಆದರೂ ಕಪ್ಪು ಬರಲಿಲ್ಲ. ಋಣವು ಹಾಗೆಯೇ ಉಳಿಯಿತು.

2008ರಲ್ಲಿ ಕಲುಶಾ ಜಾಂಬಿಯದ ಕಾಲ್ಚೆಂಡು ಸಂಘದ ಅಧ್ಯಕ್ಷನಾದನು. 2012ರ ಆಫ್ರಿಕ ಕಪ್ಪಿನಲ್ಲಿ ತಂಡವು ಮೊದಲಿನ ಪಂದ್ಯಗಳನ್ನೆಲ್ಲ ಈಕ್ವಟೋರಿಯಲ್ ಗಿನಿ ದೇಶದಲ್ಲಿ ಆಡಿ ಮುಂದುವರಿಯಿತು. ಅಂತಿಮ ಪಂದ್ಯ ಮಾತ್ರ ಎಲ್ಲಿ? ಅದೇ ಲಿಬ್ರವೀಲ್ ನಗರದಲ್ಲಿ! ಪಂದ್ಯಕ್ಕೆ ಮೊದಲು ಆಟಗಾರರು ಕಡಲತೀರಕ್ಕೆ ಹೋಗಿ, ಮಡಿದವರ ನೆನಪಿಗಾಗಿ ಹೂಗಳನ್ನು ಅರ್ಪಿಸಿದರು.

ಫೆಬ್ರುವರಿ 12ರಂದು ಎದುರಾದುದು ಐವರಿ ಕೋಸ್ಟಿನ ಪ್ರಬಲ ತಂಡ. ಹೆಚ್ಚಿನ ಕಾಲವನ್ನು ಕೊಟ್ಟರೂ ಎರಡು ಕಡೆಯವರಿಗೂ ಗೋಲಾಗಲಿಲ್ಲ. ಗೋಲುರಕ್ಷಕನೊಬ್ಬನನ್ನೇ ಎದುರಿಟ್ಟುಕೊಂಡು ಒಬ್ಬೊಬ್ಬರಾಗಿ ಚೆಂಡನ್ನು ಒದೆಯುವ ಕ್ರಮದಿಂದ ತೀರ್ಮಾನವಾಗಬೇಕಾಯಿತು. ಜಾಂಬಿಯದ ಹುಡುಗರು ಸಾಲಾಗಿ ನಿಂತು ಹಾಡುತ್ತಿದ್ದರು. ಸ್ಟೊಪಿಲ ಸುಂಜುವಿನ ಒದೆತದಿಂದ 8-7ರ ಜಯ ಲಭಿಸಿತು. ಹದಿನೆಂಟು ಮಂದಿ ಮುಳುಗಿದ ಕಡಲಿನ ದಡದಲ್ಲಿಯೇ, ಹತ್ತೊಂಬತ್ತು ವರ್ಷಗಳ ಮೇಲೆ, ಜಾಂಬಿಯಕ್ಕೆ ಮೊಟ್ಟಮೊದಲ ಆಫ್ರಿಕ ಕಪ್ಪು ಬಂದಿತು.

ಚರಿತ್ರೆಯನ್ನು ಬರೆಯುವವರು ಅಪ್ರಿಯವಾದುದನ್ನು ಮರೆಮಾಡಲಾಗದು. 2018ರಲ್ಲಿ ಹಣದ ವ್ಯವಹಾರವೊಂದರ ವಿಷಯವಾಗಿ ಫೀಫಾ ಸಂಸ್ಥೆಯು ಕಲುಶಾನಿಗೆ ಎರಡು ವರ್ಷಗಳ ಬಹಿಷ್ಕಾರವನ್ನು ವಿಧಿಸಿತು. ಮರುವರ್ಷ ಮೇಲ್ಮನವಿಯಲ್ಲಿ ಶಿಕ್ಷೆಯು ಕಡಿಮೆಯಾಯಿತು. ಮನುಷ್ಯನು ಮನುಷ್ಯನೇ. ಆ ಕಾರಣದಿಂದ ಅವನು ಹೊತ್ತ ಭಾರವು ಹಗುರವಾಗಿದ್ದಿತೆಂದು ನಾವೆಣಿಸಲಾರೆವು.

ತನ್ನ ಕಾಲಿನಿಂದ ಗೆಲ್ಲಲಾರದ ಕಪ್ಪನ್ನು ಕಿರಿಯರ ಕಾಲುಗಳಿಂದ ಗೆದ್ದುದನ್ನು ಆತನು ಕಣ್ಣಾರೆ ಕಂಡನು. ಋಣಗಳು ಹಲವು ವೇಳೆ ಹೀಗೆಯೇ ತೀರುವುವು: ಪಡೆದವನು ಒಬ್ಬ, ತೀರಿಸುವವನು ಮತ್ತೊಬ್ಬ, ನಡುವೆ ಕೈಬಿಡದೆ ನಿಂತವನೊಬ್ಬನಿರಬೇಕು. ನಾವಂತು ಈಗ ಸಂಜೆ ಜಗಲಿಯಲ್ಲಿ ಕುಳಿತಿರುವಾಗ ಬೀದಿಯ ಹುಡುಗರ ಚೆಂಡು ಅಂಗಳಕ್ಕೆ ಬಂದು ಬಿದ್ದರೆ, ಗದರಿಸದೆ ಎತ್ತಿ ಕೊಡುತ್ತೇವೆ.