ಗಣಕಯಂತ್ರಕ್ಕೂ ಬೇಕು ಹೆಪ್ಪು

ಕೃಷ್ಣಾ ತೀರದ ಕೊಲ್ಹಾರದ ಮೊಸರಿನ ಹೆಸರನ್ನು ಕೇಳದವರು ವಿಜಯಪುರ ಜಿಲ್ಲೆಯಲ್ಲಿ ವಿರಳ. ಗಡಿಗೆಯನ್ನು ಓರೆ ಮಾಡಿದರೂ ಹರಿಯದಷ್ಟು ಗಟ್ಟಿಯಾದ ಮೊಸರು ಅದು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿ ಜನರು ಹೊಸ ಕೊಲ್ಹಾರದಲ್ಲಿ ನೆಲೆಸಿದರು. ಮೊಸರಿನ ಕೀರ್ತಿಯೂ ಅವರೊಡನೆಯೇ ಬಂದಿತು. ಚಮಚೆಯಷ್ಟು ಹೆಪ್ಪು ಜೊತೆಯಲ್ಲಿದ್ದರೆ ಯಾವ ಮನೆಯ ಹಾಲಾದರೂ ಮೊಸರಾಗುವುದು. ಹೆಪ್ಪನ್ನು ಮರೆತರೆ ಕೊಪ್ಪರಿಗೆ ಹಾಲಿದ್ದರೂ ಫಲವಿಲ್ಲ. ಗಣಕಯಂತ್ರದ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲುವುದೆಂದರೆ ವಿದ್ಯಾರ್ಥಿಗಳಿಗೆ ಸೋಜಿಗವೆನಿಸಬಹುದು.

ಸ್ವಂತ ಗಣಕವಿಲ್ಲದ ವಿದ್ಯಾರ್ಥಿಯು ಇಂದು ಕಾಲೇಜಿನ ಯಂತ್ರದ ಮುಂದೆ, ನಾಳೆ ಬಂಧುಗಳ ಮನೆಯ ಯಂತ್ರದ ಮುಂದೆ ಕುಳಿತುಕೊಳ್ಳಬೇಕಾಗುವುದು. ಒಂದರಲ್ಲಿ ಕನ್ನಡದ ಕೀಲಿಮಣೆ ಇರದು. ಇನ್ನೊಂದರಲ್ಲಿ ಬೇಕಾದ ತಂತ್ರಾಂಶವಿರದು. ಯಂತ್ರವನ್ನು ಒಯ್ಯಲಾಗದಿದ್ದರೇನು? ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮನ್ನೇ, ತನ್ನ ಕಡತಗಳ ಸಹಿತ, ಬೆರಳುದ್ದದ ಡ್ರೈವಿನಲ್ಲಿ ಒಯ್ಯಬಹುದು.

ಇದು ಹೇಗೆ ಸಾಧ್ಯವೆಂಬುದನ್ನು ನೋಡೋಣ. ಗುಂಡಿಯನ್ನು ಒತ್ತಿದೊಡನೆ ಗಣಕಕ್ಕೆ ಏನೂ ತಿಳಿದಿರುವುದಿಲ್ಲ. ಮೊದಲು ಎಚ್ಚರಗೊಳ್ಳುವುದು ಅದರ ಮುಖ್ಯ ಫಲಕದ ಮೇಲಿನ ಒಂದು ಚಿಪ್ಪಿನಲ್ಲಿರುವ ಕಿರು ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯೋಸ್ ಎಂದೂ ಹೊಸವುಗಳಲ್ಲಿ ಯುಇಎಫ್‌ಐ ಎಂದೂ ಹೆಸರು. ಅದು ಡಿಸ್ಕುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಬೂಟ್‌ಲೋಡರ್ ಎಂಬ ಪುಟ್ಟ ಕಡತವನ್ನು ಹುಡುಕುವುದು. ಈ ಕಡತವೇ ನಮ್ಮ ಹೆಪ್ಪು. ಅದು ಆಪರೇಟಿಂಗ್ ಸಿಸ್ಟಮಿನ ತಿರುಳನ್ನು ಸ್ಮೃತಿಗೆ ತಂದು ಕಾರ್ಯವನ್ನು ಒಪ್ಪಿಸುವುದು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ಮೇಲೇಳುವ ಸಾಹಸಿಯ ಹೋಲಿಕೆಯಿಂದ ಈ ಕ್ರಿಯೆಗೆ ‘ಬೂಟ್’ ಎಂಬ ಹೆಸರು ಬಂದಿದೆ.

ಈ ಯೋಚನೆ ಹೊಸದೇನಲ್ಲ. 2000ದಲ್ಲಿ ಜರ್ಮನಿಯ ಕ್ಲೌಸ್ ಕ್ನೊಪ್ಪರ್ ಅವರು ಹೊರತಂದ ಕ್ನೊಪ್ಪಿಕ್ಸ್ ಎಂಬ ಲಿನಕ್ಸ್ ವ್ಯವಸ್ಥೆಯು ಸಿಡಿಯೊಂದರಿಂದಲೇ ನಡೆಯುತ್ತಿತ್ತು. ಆದರೆ ಸಿಡಿಯ ಮೇಲೆ ಬರೆಯಲಾಗದ ಕಾರಣ, ಯಂತ್ರ ಆರಿದೊಡನೆ ಬದಲಾವಣೆಗಳೆಲ್ಲ ಮಾಯವಾಗುತ್ತಿದ್ದವು. ಪೆನ್ ಡ್ರೈವಿನಲ್ಲಿ ಪೂರ್ಣವಾಗಿ ಸ್ಥಾಪಿಸಿದ ವ್ಯವಸ್ಥೆಯಾದರೋ ನಿನ್ನೆಯ ಕೆಲಸವನ್ನು ಇಂದು ನೆನಪಿಟ್ಟಿರುವುದು. ವಿಂಡೋಸಿನಲ್ಲಿ ಇದಕ್ಕಾಗಿ 2012ರಲ್ಲಿ ಬಂದ ‘ವಿಂಡೋಸ್ ಟು ಗೋ’ ಸೌಲಭ್ಯವನ್ನು 2020ರಲ್ಲಿ ಕೈಬಿಡಲಾಯಿತು. ಲಿನಕ್ಸಿನಲ್ಲಿ ಮಾರ್ಗವು ಇಂದಿಗೂ ತೆರೆದಿದೆ. ಹಣ ತೆರಬೇಕಾಗಿಯೂ ಇಲ್ಲ.

ಇದಕ್ಕೆ ಎರಡು ಡ್ರೈವುಗಳು ಬೇಕು. 8 ಗಿಗಾಬೈಟಿನ ಒಂದರಲ್ಲಿ ಸ್ಥಾಪನೆಯ ಕಡತವನ್ನು ಇಳಿಸಿಕೊಂಡು ಅದರಿಂದ ಯಂತ್ರವನ್ನು ಎಬ್ಬಿಸಬೇಕು. 32 ಗಿಗಾಬೈಟು ಅಥವಾ ಹೆಚ್ಚಿನ ಇನ್ನೊಂದರಲ್ಲಿ ವ್ಯವಸ್ಥೆಯನ್ನು ನೆಲೆಗೊಳಿಸಬೇಕು. ಎರಡನೆಯದು ಎಸ್‌ಎಸ್‌ಡಿ ಆಗಿದ್ದರೆ ವೇಗವೂ ಬಾಳಿಕೆಯೂ ಹೆಚ್ಚು.

ಎಚ್ಚರ ಬೇಕಾದುದು ಎರಡು ಎಡೆಗಳಲ್ಲಿ. ಮೊದಲನೆಯದು ಡಿಸ್ಕಿನ ಆಯ್ಕೆ. ತಪ್ಪಿ ಒಳಗಿನ ಡಿಸ್ಕನ್ನು ಆರಿಸಿದರೆ ಯಂತ್ರದ ಒಡೆಯರ ಲೆಕ್ಕಪತ್ರ, ಭಾವಚಿತ್ರಗಳೆಲ್ಲ ಅಳಿಸಿಹೋಗುವುವು. ಆದುದರಿಂದ ಡಿಸ್ಕಿನ ಹೆಸರಿನ ಜೊತೆಗೆ ಅದರ ಗಾತ್ರವನ್ನೂ ನೋಡಿ ಗುರುತಿಸಬೇಕು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ವ್ಯವಸ್ಥೆಯನ್ನು ಹೊರಗಿನ ಡ್ರೈವಿನಲ್ಲಿಟ್ಟು, ಬೂಟ್‌ಲೋಡರನ್ನು ಮಾತ್ರ ಒಳಗಿನ ಡಿಸ್ಕಿನಲ್ಲಿ ಬರೆದುಬಿಡುವುದು ಕೆಲವೊಮ್ಮೆ ಉಂಟು. ಹಾಲನ್ನು ಒಯ್ದು ಹೆಪ್ಪನ್ನು ಹಳೆಯ ಮನೆಯಲ್ಲಿಯೇ ಬಿಟ್ಟಂತೆ! ಡ್ರೈವು ಬೇರೆಡೆ ಏಳದು. ಅದನ್ನು ಕಿತ್ತರೆ ಮೊದಲಿನ ಯಂತ್ರವೂ ತಡವರಿಸುವುದು. ಆದಕಾರಣ ಒಡೆಯರ ಅಥವಾ ಅಧ್ಯಾಪಕರ ಅನುಮತಿ ಪಡೆದು, ಸಾಧ್ಯವಾದರೆ ವಿದ್ಯುತ್ತನ್ನು ನಿಲ್ಲಿಸಿ ಒಳಗಿನ ಡಿಸ್ಕಿನ ಸಂಪರ್ಕವನ್ನೇ ಬಿಡಿಸಿ ಸ್ಥಾಪನೆ ನಡೆಸುವುದು ಉತ್ತಮ.

ಅಪರಿಚಿತ ಯಂತ್ರಕ್ಕೆ ನಮ್ಮ ಬೂಟ್‌ಲೋಡರಿನ ವಿಳಾಸ ತಿಳಿಯುವುದೆಂತು? ಇದಕ್ಕೂ ಒಂದು ಕಟ್ಟಳೆಯಿದೆ. ಡ್ರೈವಿನ ಸಣ್ಣ ಭಾಗವೊಂದರಲ್ಲಿ, ‘ಇಎಫ್‌ಐ’ ಎಂಬ ಕಡತಕೋಶದೊಳಗಿನ ‘ಬೂಟ್’ ಕೋಶದಲ್ಲಿ, ನಿಗದಿಯಾದ ಹೆಸರಿನಿಂದ ಅದನ್ನು ಇಟ್ಟಿದ್ದರೆ ಯುಇಎಫ್‌ಐ ಯಂತ್ರಗಳು ಅದನ್ನು ತಾವಾಗಿ ಹುಡುಕಿಕೊಳ್ಳುವುವು.

ಕೆಲಸ ಮುಗಿಯಿತೆಂದು ಹಿಗ್ಗುವ ಮೊದಲು ಡ್ರೈವನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿ ನೋಡಬೇಕು. ಪೆನ್ ಡ್ರೈವಿನ ಕಣಗಳು ಬರೆದಷ್ಟೂ ಸವೆಯುವುದರಿಂದ ಮುಖ್ಯ ಕಡತಗಳ ಪ್ರತಿಯೊಂದನ್ನು ಬೇರೆಡೆಯೂ ಕಾದಿರಿಸಬೇಕು. ಹೆಪ್ಪಿನ ಗುಣ ತಿಳಿಯುವುದು ಹೊಸ ಹಾಲಿನಲ್ಲಿ. ಜಾಣ ಗೃಹಿಣಿಯು ಇದ್ದ ಮೊಸರನ್ನೆಲ್ಲ ಬಡಿಸಿಬಿಡದೆ, ನಾಳೆಗೆಂದು ಒಂದಿಷ್ಟನ್ನು ಉಳಿಸಿಕೊಳ್ಳುವಳಷ್ಟೆ.